ಬ್ರೇಕಿನ ಪೆಡಲು ಮೆತ್ತಗಾಗುವುದೇಕೆ?

ನಾಲೆಯ ನೀರು ಹರಿಯುವ ಗದ್ದೆಗಳ ಬದುವಿನ ಮೇಲೆ ನಡೆಯುವಾಗ, ನೆಲ ಗಟ್ಟಿಯೋ ಕೆಸರೋ ಎಂಬುದನ್ನು ಕಣ್ಣಿಗಿಂತ ಚೆನ್ನಾಗಿ ಕಾಲೇ ತಿಳಿಸುತ್ತದೆ. ಕಾರನ್ನು ನಡೆಸುವವನಿಗೂ ಇಂತಹ ಅನುಭವವುಂಟು. ಬ್ರೇಕಿನ ಪೆಡಲನ್ನು ಮೆಟ್ಟಿದಾಗ ಅದು ಗಟ್ಟಿಯಾಗಿ ಕಾಲಿಗೆ ಎದುರು ನಿಂತರೆ ಧೈರ್ಯ. ಹತ್ತಿಯ ಮೂಟೆಯಂತೆ ಕುಸಿದರೆ ಅಳುಕು. ಈ ಅಳುಕಿನ ಕಾರಣವನ್ನೂ ಪರಿಹಾರವನ್ನೂ ವಿಚಾರಿಸೋಣ.

ಚನ್ನಗಿರಿಯ ಅಡಕೆ ಬೆಳೆಗಾರರೊಬ್ಬರ ಮನೆಯಲ್ಲಿ ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರೊಂದಿದೆ. 1961ರಿಂದ ಮದರಾಸಿನಲ್ಲಿ ತಯಾರಾದ ಈ ಕಾರು ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡಿನ ಭಾರತೀಯ ರೂಪ. ಆ ಹೆರಾಲ್ಡಿನ ಅಡಿಗಟ್ಟನ್ನೇ ಮೊಟಕುಗೊಳಿಸಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಹೆಸರಾಂತ ಸ್ಪೋರ್ಟ್ಸ್ ಕಾರನ್ನು ನಿರ್ಮಿಸಿದರು. ಕಳೆದ ಬೇಸಗೆಯಲ್ಲಿ ನಾವು ಅವರೊಡನೆ ಈ ಕಾರಿನಲ್ಲಿ ಜಗಳೂರಿನ ಮದುವೆಯೊಂದಕ್ಕೆ ಹೊರಟಿದ್ದಾಗ ಕುರಿಮಂದೆಯೊಂದು ರಸ್ತೆಗೆ ಅಡ್ಡ ಬಂದಿತು. ಮೊದಲ ತುಳಿತಕ್ಕೆ ಪೆಡಲು ಬಹುಮಟ್ಟಿಗೆ ತಳವನ್ನೇ ಮುಟ್ಟಿತು. ಎರಡನೆಯ ತುಳಿತಕ್ಕೆ ಬ್ರೇಕು ಹಿಡಿಯಿತು. ಕಾರು ನಿಂತಾಗ ಕುರಿ ಕಾಯುವ ಹುಡುಗನಿಗೂ ನಮಗೂ ನಡುವೆ ಉಳಿದಿದ್ದುದು ಒಂದು ಮಾರು ಮಾತ್ರ. ಗಂಟೆಗೆ 40 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಮತ್ತೊಮ್ಮೆ ತುಳಿಯಲು ಅರ್ಧ ಸೆಕೆಂಡು ಹಿಡಿದರೂ ಐದೂವರೆ ಮೀಟರ್ ಕೈತಪ್ಪಿದಂತೆಯೇ. ಪೆಡಲು ಗಟ್ಟಿಯಾಗಬೇಕಾದರೆ ದೊಡ್ಡ ಮಾಸ್ಟರ್ ಸಿಲಿಂಡರನ್ನು ಹಾಕಿಸಬೇಕೆಂದು ಮದುವೆಮನೆಯಲ್ಲಿ ಯಾರೋ ಸಲಹೆಯಿತ್ತರು. ಈ ಸಲಹೆ ಸರಿಯೇ?

ಮೊದಲು ಬ್ರೇಕಿನ ತತ್ತ್ವವನ್ನು ನೋಡೋಣ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡವು ಕುಂದದೆ ಎಲ್ಲ ಕಡೆಗೂ ಹರಡುತ್ತದೆ. ಇದು ಫ್ರಾನ್ಸಿನ ಪಾಸ್ಕಲನು (1623–1662) ನಿರೂಪಿಸಿದ ನಿಯಮ. ಪೆಡಲು ಒಂದು ಸನ್ನೆ. ಅದರ ಯಾಂತ್ರಿಕ ಲಾಭ 5 ಎಂದು ಭಾವಿಸಿದರೆ, 20 ಕಿಲೋಗ್ರಾಂ ಭಾರದಷ್ಟು ಬಲದಿಂದ ಮೆಟ್ಟಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನಿನ ಮೇಲೆ 100 ಕಿಲೋಗ್ರಾಂ ಭಾರದಷ್ಟು ಬಲ ಬೀಳುತ್ತದೆ. ಪಿಸ್ಟನ್ನಿನ ವಿಸ್ತೀರ್ಣ 2.5 ಚದರ ಸೆಂಟಿಮೀಟರ್ ಆಗಿದ್ದರೆ, ಒತ್ತಡವು ಚದರ ಸೆಂಟಿಮೀಟರಿಗೆ 40 ಕಿಲೋಗ್ರಾಂ. ಎಂದರೆ ವಾಯುಮಂಡಲದ ಒತ್ತಡದ ಸುಮಾರು 40ರಷ್ಟು. ಬ್ರೇಕ್ ಎಣ್ಣೆಯು ಈ ಒತ್ತಡವನ್ನು ನಾಲ್ಕು ಗಾಲಿಗಳಿಗೂ ಒಯ್ದು, ಬ್ರೇಕ್ ಶೂಗಳನ್ನು ತಿರುಗುವ ಡ್ರಮ್ಮಿನ ಒಳಮೈಗೆ ಒತ್ತುತ್ತದೆ.

ಆದರೆ ಬಲದಲ್ಲಿ ಪಡೆದ ಲಾಭಕ್ಕೆ ದೂರದಲ್ಲಿ ಬೆಲೆ ತೆರಬೇಕು. ಪೆಡಲು 10 ಸೆಂಟಿಮೀಟರ್ ಇಳಿದರೆ ಪಿಸ್ಟನ್ನು ಸರಿಯುವುದು 2 ಸೆಂಟಿಮೀಟರ್ ಮಾತ್ರ. ಅದು ತಳ್ಳುವ ಎಣ್ಣೆ 5 ಘನ ಸೆಂಟಿಮೀಟರ್, ಒಂದು ಚಹಾ ಚಮಚದಷ್ಟು. ನಾಲ್ಕು ಗಾಲಿಗಳ ಕೆಲಸವೂ ಇಷ್ಟರಲ್ಲೇ ನಡೆಯಬೇಕು. ಈಗ ಕೊಳವೆಯಲ್ಲಿ 2 ಘನ ಸೆಂಟಿಮೀಟರ್ ಗಾಳಿ ಸೇರಿಕೊಂಡಿದೆಯೆನ್ನೋಣ. ಬಾಯಿಲನ ನಿಯಮದಂತೆ, ಮೇಲಿನ ಒತ್ತಡದಲ್ಲಿ ಅದು 0.05 ಘನ ಸೆಂಟಿಮೀಟರಿಗೆ ಕುಗ್ಗುತ್ತದೆ. ಹೀಗೆ ಪೆಡಲಿನ 10 ಸೆಂಟಿಮೀಟರಿನಲ್ಲಿ ಸುಮಾರು 4 ಸೆಂಟಿಮೀಟರ್ ಬರಿಯ ಗಾಳಿಯನ್ನು ಅದುಮುವುದರಲ್ಲೇ ಮುಗಿದುಹೋಗುತ್ತದೆ. ಎಣ್ಣೆಯಾದರೋ ಇಷ್ಟು ಒತ್ತಡಕ್ಕೆ ಬಗ್ಗುವುದು ತೀರ ಅತ್ಯಲ್ಪ.

ಗಾಳಿಯೊಂದೇ ಅಪರಾಧಿಯಲ್ಲ. ಹಳೆಯ ರಬ್ಬರ್ ಕೊಳವೆಗಳು ಒತ್ತಡಕ್ಕೆ ಉಬ್ಬಿ ಎಣ್ಣೆಯನ್ನು ತಮ್ಮಲ್ಲೇ ಹಿಡಿದುಕೊಳ್ಳುತ್ತವೆ. ಶೂಗಳು ಸವೆದು ಡ್ರಮ್ಮಿನಿಂದ ದೂರವಾದರೆ ಆ ಅಂತರವನ್ನು ತುಂಬಲು ಹೆಚ್ಚು ಎಣ್ಣೆ ಬೇಕಾಗುತ್ತದೆ. ಯಾವ ದೋಷವಿದೆಯೆಂಬುದನ್ನು ನಿಂತ ಕಾರಿನಲ್ಲೇ ಪರೀಕ್ಷಿಸಬಹುದು. ಬೇಗಬೇಗನೆ ಎರಡು ಮೂರು ಸಲ ಮೆಟ್ಟಿದಾಗ ಪೆಡಲು ಮೇಲೆ ಬಂದು ಗಟ್ಟಿಯಾಗಿ ನಿಂತರೆ ಶೂಗಳ ಅಂತರ ಹೆಚ್ಚಾಗಿದೆ. ಮೇಲೆ ಬಂದರೂ ಪುಟಿಯುತ್ತಿದ್ದರೆ ಗಾಳಿಯಿದೆ, ಇಲ್ಲವೆ ಕೊಳವೆ ಉಬ್ಬುತ್ತಿದೆ. ಒತ್ತಿ ಹಿಡಿದಂತೆಯೇ ಮೆಲ್ಲಮೆಲ್ಲನೆ ಕೆಳಗಿಳಿದರೆ ಎಣ್ಣೆ ಎಲ್ಲೋ ಸೋರುತ್ತಿದೆ, ಅಥವಾ ಮಾಸ್ಟರ್ ಸಿಲಿಂಡರಿನ ರಬ್ಬರು ಕೆಟ್ಟಿದೆ. ಈ ಕೊನೆಯ ಲಕ್ಷಣವಿರುವ ಕಾರನ್ನು ರಸ್ತೆಗೆ ತರಲೇಬಾರದು. ಹೆರಾಲ್ಡಿನಂತಹ ಆ ಕಾಲದ ಕಾರುಗಳಲ್ಲಿ ನಾಲ್ಕು ಗಾಲಿಗಳಿಗೂ ಎಣ್ಣೆಯ ಮಾರ್ಗ ಒಂದೇ. ಒಂದು ಕಡೆ ಸೋರಿದರೆ ಎಲ್ಲ ಬ್ರೇಕುಗಳೂ ಹೋದಂತೆ.

ಇನ್ನು ದೊಡ್ಡ ಸಿಲಿಂಡರಿನ ಸಲಹೆ. ಪಿಸ್ಟನ್ನಿನ ವಿಸ್ತೀರ್ಣವನ್ನು ಇಮ್ಮಡಿಸಿದರೆ ಅಷ್ಟೇ ಎಣ್ಣೆಯನ್ನು ತಳ್ಳಲು ಪೆಡಲು ಅರ್ಧ ದೂರ ಇಳಿದರೆ ಸಾಕು. ಕಾಲಿಗೆ ಅದು ಗಟ್ಟಿಯೆನಿಸುವುದು ನಿಜ. ಆದರೆ ಅದೇ 20 ಕಿಲೋಗ್ರಾಂ ಬಲಕ್ಕೆ ಹುಟ್ಟುವ ಒತ್ತಡ 40ರ ಬದಲು 20 ಮಾತ್ರ! ಪೆಡಲು ಗಟ್ಟಿಯಾಯಿತು, ಬ್ರೇಕು ದುರ್ಬಲವಾಯಿತು. ಆದುದರಿಂದ ದೋಷವನ್ನು ಮೊದಲು ನೀಗಬೇಕೇ ಹೊರತು ಮರೆಮಾಡಬಾರದು.

ನಮ್ಮ ಮಿತ್ರರ ಕಾರಿನಲ್ಲಿ ದೋಷಗಳು ಎರಡಿದ್ದವು: ಶೂಗಳ ಅಂತರ ಮತ್ತು ಗಾಳಿ. ಹೊನ್ನಾಳಿಯ ಮೆಕ್ಯಾನಿಕರೊಬ್ಬರು ಮೊದಲು ಶೂಗಳನ್ನು ಹೊಂದಿಸಿ, ಬಿರುಕುಬಿಟ್ಟಿದ್ದ ರಬ್ಬರ್ ಕೊಳವೆಗಳನ್ನು ಬದಲಿಸಿದರು. ಬಳಿಕ ಗಾಳಿ ತೆಗೆಯುವ ಕೆಲಸ. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಗಾಲಿಯಿಂದ ಆರಂಭಿಸಿ, ಅಲ್ಲಿನ ತಿರುಪಿಗೆ ಸಣ್ಣ ಕೊಳವೆಯನ್ನು ಸಿಕ್ಕಿಸಿ, ಅದರ ತುದಿಯನ್ನು ಎಣ್ಣೆಯಿದ್ದ ಸೀಸೆಯಲ್ಲಿ ಮುಳುಗಿಸಿದರು. ನಾವು ಪೆಡಲನ್ನು ಒತ್ತಿದಾಗ ಅವರು ತಿರುಪನ್ನು ಸಡಿಲಿಸುವರು. ಗುಳ್ಳೆಗಳು ಬುಳುಬುಳನೆ ಹೊರಬರುವುವು. ಪೆಡಲನ್ನು ಬಿಡುವ ಮೊದಲೇ ತಿರುಪನ್ನು ಬಿಗಿಯುವರು. ಗುಳ್ಳೆಗಳು ನಿಲ್ಲುವವರೆಗೂ ಹೀಗೆ ಸಾಗಿತು. ಮೇಲಿನ ಎಣ್ಣೆಯ ಡಬ್ಬಿ ಬರಿದಾಗದಂತೆ ಎಚ್ಚರ ವಹಿಸಿದ್ದರು. ಬರಿದಾದರೆ ಮತ್ತೆ ಗಾಳಿಯೇ ಒಳಗೆ ಹೋಗುತ್ತದೆ.

ಎಣ್ಣೆಯನ್ನೂ ಅವರು ಪೂರ್ತಿ ಬದಲಿಸಿದರು. ಇದಕ್ಕೂ ಕಾರಣವುಂಟು. ಸಾಮಾನ್ಯವಾದ ಡಾಟ್ 3 ಬ್ರೇಕ್ ಎಣ್ಣೆ ಹೊಸದಾಗಿದ್ದಾಗ 205 ಡಿಗ್ರಿ ಸೆಲ್ಸಿಯಸಿಗಿಂತ ಕೆಳಗೆ ಕುದಿಯಬಾರದೆಂಬ ನಿಯಮವಿದೆ. ಆದರೆ ಅದು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ನೀರಿನ ಅಂಶ ಶೇಕಡಾ 3.7ಕ್ಕೆ ಮುಟ್ಟಿದಾಗ ಈ ಮಿತಿಯು 140 ಡಿಗ್ರಿಗೆ ಇಳಿಯುತ್ತದೆ. ನ್ಯಾಮತಿಯಿಂದ ಶಿವಮೊಗ್ಗ, ತೀರ್ಥಹಳ್ಳಿಗಳ ಮಾರ್ಗವಾಗಿ ಆಗುಂಬೆಯ ಘಾಟಿಯನ್ನು ಇಳಿಯುವವರು ಇದನ್ನು ನೆನಪಿಡಬೇಕು. 1,000 ಕಿಲೋಗ್ರಾಂ ತೂಕದ ಕಾರು 500 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ 49 ಲಕ್ಷ ಜೌಲ್. ಸುಮಾರು 15 ಲೀಟರ್ ತಣ್ಣೀರನ್ನು ಕುದಿಸಲು ಇದು ಸಾಕು. ಇದೆಲ್ಲವೂ ಬ್ರೇಕಿನ ಪಾಲಿಗೇ ಬಂದರೆ ತೇವ ಹೀರಿದ ಎಣ್ಣೆ ಕುದಿದು ಆವಿಯಾಗುತ್ತದೆ. ಆವಿಯೂ ಗಾಳಿಯಂತೆಯೇ ಕುಗ್ಗುವುದರಿಂದ ಪೆಡಲು ತಳ ಸೇರುತ್ತದೆ. ಘಾಟಿಯಲ್ಲಿ ಕೆಳ ಗೇರಿನಲ್ಲಿ ಇಳಿಯಬೇಕೆಂಬ ಅನುಭವಿಗಳ ಮಾತಿನ ಅರ್ಥ ಇದೇ.

ಈಗ ಚನ್ನಗಿರಿಯ ಆ ಹೆರಾಲ್ಡಿನ ಪೆಡಲು ಮೊದಲ ತುಳಿತಕ್ಕೇ ಗಟ್ಟಿಯಾಗಿ ನಿಲ್ಲುತ್ತದೆ. ಸಿಲಿಂಡರು ಹಳೆಯದೇ ಇದೆ. ಓದುಗರು ತಮ್ಮ ಮನೆಯ ಹಳೆಯ ವಾಹನದ ಪೆಡಲನ್ನು ನಿಂತಲ್ಲಿಯೇ ಪರೀಕ್ಷಿಸಿ ನೋಡಲಿ. ಬಿಚ್ಚುವ ಕೆಲಸವನ್ನು ಮಾತ್ರ ಬಲ್ಲವರ ಕೈಗೇ ಒಪ್ಪಿಸಲಿ. ದಾರಿಯಲ್ಲಿ ಕುರಿ ಕಾಯುವ ಹುಡುಗರು ಇದ್ದೇ ಇರುತ್ತಾರೆ.