ಎಣಿಕೆಗೆ ಸಿಗದ ಸೈನ್ಯ

2006ರ ಡಿಸೆಂಬರಿನಲ್ಲಿ ಅಮೆರಿಕದ ಸೇನೆಯ ಲೆಕ್ಕವೊಂದು ಪತ್ರಿಕೆಗಳಲ್ಲಿ ಹೊರಬಿತ್ತು. ಇರಾಕಿನಲ್ಲಿ ತನ್ನ ಸರಕಾರದ ಗುತ್ತಿಗೆಯ ಮೇಲೆ ದುಡಿಯುತ್ತಿರುವ ಖಾಸಗಿ ಜನ ಎಷ್ಟು ಎಂದು ಸೇನೆ ಮೊದಲ ಸಲ ತಲೆ ಎಣಿಸಿತ್ತು. ಬಂದ ಉತ್ತರ ಸುಮಾರು 1 ಲಕ್ಷ. ಅಲ್ಲಿಯವರೆಗೆ ಚಾಲ್ತಿಯಲ್ಲಿದ್ದ ಅಂದಾಜು 25 ಸಾವಿರ, ಅದೂ ಕಾವಲು ಕೆಲಸದವರದ್ದು ಮಾತ್ರ. ಯುದ್ಧ ಶುರುವಾಗಿ ಆಗಲೇ ಮೂರು ಮುಕ್ಕಾಲು ವರ್ಷ ಹತ್ತಿರವಾಗಿತ್ತು. ಸಮವಸ್ತ್ರ ತೊಟ್ಟ ಸೈನಿಕರು ಅಲ್ಲಿ 1 ಲಕ್ಷ 40 ಸಾವಿರದಷ್ಟಿದ್ದರು, ಅವರ ಹೆಸರು, ಊರು, ರಕ್ತದ ಗುಂಪು ಎಲ್ಲ ಕಡತದಲ್ಲಿತ್ತು. ಅವರ ಪಕ್ಕದಲ್ಲೇ ಉಂಡು ಮಲಗುತ್ತಿದ್ದ ಇನ್ನೊಂದು ಸೈನ್ಯ ಎಷ್ಟು ದೊಡ್ಡದು ಎಂಬುದು ಅದನ್ನು ಸಾಕುತ್ತಿದ್ದ ಸಂಸತ್ತಿಗೂ ತಿಳಿದಿರಲಿಲ್ಲ. ಆ 1 ಲಕ್ಷದೊಳಗೆ ಉಪಗುತ್ತಿಗೆಯವರು ಸೇರಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಇಷ್ಟು ತಡವಾಗಿ ಸಿಕ್ಕ ಈ ಲೆಕ್ಕದಷ್ಟು ನನ್ನನ್ನು ಬೆರಗುಗೊಳಿಸಿದ ಅಂಕಿ ಇಡೀ ಇರಾಕ್ ಯುದ್ಧದಲ್ಲಿ ಇನ್ನೊಂದಿಲ್ಲ. ಸೇನೆಯ ಮೇಲೆ ಜನರ ಹಿಡಿತ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದು ಕಡೆಗೆ ಬಂದು ನಿಲ್ಲುವುದು ಎಣಿಕೆಯ ಮೇಲೆ: ಎಷ್ಟು ಜನ, ಎಷ್ಟು ಹಣ, ಎಷ್ಟು ಹೆಣ. ಕೆಲಸವನ್ನು ಗುತ್ತಿಗೆಗೆ ಕೊಟ್ಟರೆ ಈ ಮೂರೂ ಕೈತಪ್ಪುತ್ತವೆ. ಹೇಗೆ ತಪ್ಪುತ್ತವೆ ಎಂದು ನೋಡಬೇಕಾದರೆ ಬಾಗ್ದಾದಿಗಿಂತ ಟೆಕ್ಸಸ್ ಒಳ್ಳೆಯ ಜಾಗ.

ಅಮೆರಿಕದ ಭೂಸೇನೆಗೆ ಊಟ, ವಸತಿ, ನೀರು, ಇಂಧನ, ಬಟ್ಟೆ ಒಗೆತ ಎಲ್ಲವನ್ನೂ ಒದಗಿಸುವ ಒಂದು ಮಹಾಗುತ್ತಿಗೆಯಿದೆ. ಅದರ ಹೆಸರು ಲಾಗ್‌ಕ್ಯಾಪ್. ಅದರ ನಾಲ್ಕನೆಯ ಸುತ್ತು 2008ರ ಏಪ್ರಿಲ್‌ನಲ್ಲಿ ಮೂರು ಕಂಪನಿಗಳ ಪಾಲಾಯಿತು. ಒಂದು ಹ್ಯೂಸ್ಟನ್ನಿನ ಕೆಬಿಆರ್. ಇನ್ನೊಂದು ಡಲ್ಲಾಸಿನ ಮಗ್ಗುಲ ಅರ್ವಿಂಗ್‌ನಲ್ಲಿರುವ ಫ್ಲೂರ್. ಮೂರನೆಯದು ಡೈನ್‌ಕಾರ್ಪ್, ಅದರ ಮುಖ್ಯ ಕಚೇರಿ ವರ್ಜೀನಿಯಾದಲ್ಲಿದ್ದರೂ ಕೆಲಸ ನಡೆಯುತ್ತಿದ್ದದ್ದು ಡಲ್ಲಾಸ್–ಫೋರ್ಟ್ ವರ್ತ್ ಭಾಗದಿಂದ. ಪ್ರತಿ ಕಂಪನಿಗೆ ವರ್ಷಕ್ಕೆ 500 ಕೋಟಿ ಡಾಲರ್‌ವರೆಗೆ ಮಿತಿ, ಹತ್ತು ವರ್ಷದ ಅವಕಾಶ. ಮೂರೂ ಕಂಪನಿ ಮಿತಿ ಮುಟ್ಟಿದರೆ ವರ್ಷಕ್ಕೆ 1,500 ಕೋಟಿ ಡಾಲರ್, ಅಂದರೆ ನಿಮಿಷಕ್ಕೆ 28 ಸಾವಿರ ಡಾಲರ್. ಅಂದಿನ ದರದಲ್ಲಿ ನಿಮಿಷಕ್ಕೆ ಸುಮಾರು 12 ಲಕ್ಷ ರೂಪಾಯಿ, ಹಗಲು ರಾತ್ರಿ, ಭಾನುವಾರವೂ ಸೇರಿ. ಜಗತ್ತಿನ ಅತಿ ಹೆಚ್ಚು ಖರ್ಚಿನ ಸೇನೆಯ ಅಡುಗೆಮನೆ, ಬಚ್ಚಲು, ಪೆಟ್ರೋಲ್ ಟ್ಯಾಂಕು ಕಾರಿನಲ್ಲಿ ನಾಲ್ಕು ಗಂಟೆಯ ಹಾದಿಯ ಎರಡು ಊರುಗಳ ಸುತ್ತ ಜಮೆಯಾಗಿದ್ದವು.

ಅದಕ್ಕೂ ಮೊದಲಿನ ಮೂರನೆಯ ಸುತ್ತು 2001ರ ಡಿಸೆಂಬರಿನಲ್ಲಿ ಕೆಬಿಆರ್ ಒಂದಕ್ಕೇ ಸಿಕ್ಕಿತ್ತು. 2008ರ ವಸಂತದ ಹೊತ್ತಿಗೆ ಈ ಕಂಪನಿ ಬಡಿಸಿದ ಊಟ 72 ಕೋಟಿ. ಕರ್ನಾಟಕದಲ್ಲಿ ಹುಟ್ಟಿದ ಕೂಸಿನಿಂದ ಹಿಡಿದು ಮುದುಕರವರೆಗೆ ಒಬ್ಬೊಬ್ಬರಿಗೂ ಹೆಚ್ಚುಕಡಿಮೆ ಹನ್ನೆರಡು ಹೊತ್ತಿನ ಊಟ. ಶುದ್ಧ ಮಾಡಿದ ಕುಡಿಯುವ ನೀರು 1,200 ಕೋಟಿ ಗ್ಯಾಲನ್. ಐದನೆಯ ಹಂತ ಬರುವ ಮೊದಲು ಬೆಂಗಳೂರಿಗೆ ದಿನವೂ ಬರುತ್ತಿದ್ದ ಕಾವೇರಿ ನೀರಿನ ಲೆಕ್ಕದಲ್ಲಿ ಅದು ಇಡೀ ನಗರಕ್ಕೆ ಒಂದು ತಿಂಗಳು ಸಾಲುತ್ತದೆ. ಲಾರಿಗಳು ಓಡಿದ ದೂರ 40 ಕೋಟಿ ಮೈಲಿ, ಅಂದರೆ 64 ಕೋಟಿ ಕಿಲೋಮೀಟರ್. ಸೂರ್ಯನಲ್ಲಿಗೆ ಎರಡು ಸಲ ಹೋಗಿ ಎರಡು ಸಲ ವಾಪಸು ಬಂದು, ಇನ್ನೂ 4 ಕೋಟಿ ಕಿಲೋಮೀಟರ್ ಮಿಗುತ್ತದೆ. 2013ರಲ್ಲಿ ಬ್ರಿಟನ್ನಿನ ಫೈನಾನ್ಷಿಯಲ್ ಟೈಮ್ಸ್ ಕೂಡಿಸಿ ನೋಡಿದಾಗ ಇರಾಕ್ ಬಾಬ್ತಿನಲ್ಲಿ ಈ ಒಂದು ಕಂಪನಿಗೆ ಸಿಕ್ಕಿದ ಗುತ್ತಿಗೆ 3,950 ಕೋಟಿ ಡಾಲರ್.

ಇಷ್ಟು ದೊಡ್ಡ ಪಂಕ್ತಿಯಲ್ಲಿ ಎಲೆ ಲೆಕ್ಕ ಹಿಡಿಯುವವರು ಯಾರು? ಕುವೈತಿನ ಅರಿಫ್‌ಜಾನ್ ಶಿಬಿರದಲ್ಲಿ 2003ರ ಜುಲೈನಲ್ಲಿ ದಿನಕ್ಕೆ ಸರಾಸರಿ 42,042 ಊಟಕ್ಕೆ ಬಿಲ್ಲು ಹೋಗಿತ್ತು. ಉಂಡದ್ದು 14,053. ಬರಬಹುದಾದವರಿಗೂ ಬೇಯಿಸಿ ಇಡಬೇಕಲ್ಲ, ಎಷ್ಟು ಜನ ಬರುತ್ತಾರೆಂದು ಮುಂಚೆಯೇ ಹೇಗೆ ಹೇಳುವುದು ಎಂಬುದು ಕಂಪನಿಯ ವಾದ. ನಮ್ಮ ಮದುವೆಮನೆಯ ಅಡುಗೆ ಕಾಂಟ್ರಾಕ್ಟರೂ ಇದೇ ಮಾತು ಹೇಳುತ್ತಾರೆ, ಆದರೆ ಒಂದು ಎಲೆಗೆ ಮೂರು ಎಲೆಯ ಲೆಕ್ಕ ಹಾಕಿದರೆ ಹುಡುಗಿಯ ಸೋದರಮಾವ ಸುಮ್ಮನಿರುವುದಿಲ್ಲ.

ಸೋದರಮಾವಂದಿರು ಅಲ್ಲಿಯೂ ಇದ್ದರು. ಚಾರ್ಲ್ಸ್ ಸ್ಮಿತ್ ಎಂಬ ನಾಗರಿಕ ಅಧಿಕಾರಿ ಸೇನೆಯ ಪರವಾಗಿ ಈ ಗುತ್ತಿಗೆಯನ್ನು ನೋಡಿಕೊಳ್ಳುತ್ತಿದ್ದರು. 100 ಕೋಟಿ ಡಾಲರಿಗೂ ಹೆಚ್ಚಿನ ಖರ್ಚಿಗೆ ಸರಿಯಾದ ದಾಖಲೆ ಇಲ್ಲ, ಪಾವತಿ ಮಾಡಲಾರೆ ಎಂದರು. 2004ರಲ್ಲಿ ಅವರನ್ನು ಆ ಜಾಗದಿಂದ ಎತ್ತಿದರು, ಹಣ ಪಾವತಿಯಾಯಿತು. ಸೇನೆಯ ಎಂಜಿನಿಯರಿಂಗ್ ವಿಭಾಗದಲ್ಲಿ ಗುತ್ತಿಗೆಗಳ ಮೇಲಧಿಕಾರಿಯಾಗಿದ್ದವರು ಬನ್ನಟೀನ್ ಗ್ರೀನ್‌ಹೌಸ್. ಇರಾಕಿನ ತೈಲ ಬಾವಿಗಳ ದುರಸ್ತಿಗೆಂದು ಟೆಂಡರ್ ಕರೆಯದೆ 700 ಕೋಟಿ ಡಾಲರ್ ಮಿತಿಯ ಗುತ್ತಿಗೆಯನ್ನು ಅದೇ ಕಂಪನಿಗೆ ಕೊಟ್ಟಾಗ, ತಮ್ಮ ಸಹಿಯ ಪಕ್ಕದಲ್ಲೇ ಆಕ್ಷೇಪವನ್ನು ಕೈಯಿಂದ ಬರೆದರು. 2005ರಲ್ಲಿ ಅವರಿಗೆ ಹಿಂಬಡ್ತಿ. ಆರು ವರ್ಷ ಹೋರಾಡಿದ ಮೇಲೆ 9 ಲಕ್ಷ 70 ಸಾವಿರ ಡಾಲರ್ ಪರಿಹಾರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನಮ್ಮ ಕಚೇರಿಗಳಿಗೆ ಮಾತ್ರ ಗೊತ್ತು ಎಂದು ತಿಳಿದಿದ್ದೆ.

ಎಲ್ಲರೂ ಅಷ್ಟು ನಿಷ್ಠುರರಾಗಿದ್ದರೂ ಸಾಲುತ್ತಿರಲಿಲ್ಲ. ಇರಾಕಿ ಪೊಲೀಸರಿಗೆ ತರಬೇತಿ ಕೊಡಲು ವಿದೇಶಾಂಗ ಇಲಾಖೆ ಡೈನ್‌ಕಾರ್ಪ್‌ಗೆ ಕೊಟ್ಟ ಕೆಲಸದ ಮೊತ್ತ 250 ಕೋಟಿ ಡಾಲರ್. ಅದರ ಬಿಲ್ಲು ನೋಡಲು ಇರಾಕಿನ ನೆಲದ ಮೇಲಿದ್ದ ಇಲಾಖೆಯ ಪ್ರತಿನಿಧಿಗಳನ್ನು ಎಣಿಸಲು ಒಂದು ಕೈಯ ಬೆರಳು ಸಾಕು ಎಂಬುದು 2010ರ ತನಿಖಾ ವರದಿಯಲ್ಲಿ ಹೊರಬಿತ್ತು. ಇದಕ್ಕೂ ಮೊದಲೇ, ಯಾರೂ ವಾಸ ಮಾಡದ ಒಂದು ಶಿಬಿರಕ್ಕೆ 4 ಕೋಟಿ 38 ಲಕ್ಷ ಡಾಲರ್ ಖರ್ಚಾಗಿತ್ತು. ಅದರಲ್ಲಿ ಯಾರೂ ಅನುಮತಿ ಕೊಡದ ಒಲಿಂಪಿಕ್ ಅಳತೆಯ ಈಜುಕೊಳವೂ ಸೇರಿತ್ತು. ಕಡೆಗೆ 2011ರ ಆಗಸ್ಟ್‌ನಲ್ಲಿ ಸಂಸತ್ತೇ ನೇಮಿಸಿದ ಯುದ್ಧಗುತ್ತಿಗೆ ಆಯೋಗ ಇರಾಕ್, ಅಫ್ಘಾನಿಸ್ತಾನ ಎರಡನ್ನೂ ಕೂಡಿಸಿ, ಪೋಲಾದದ್ದು ಮತ್ತು ಮೋಸಕ್ಕೆ ಹೋದದ್ದು 3,100 ಕೋಟಿಯಿಂದ 6,000 ಕೋಟಿ ಡಾಲರ್ ಎಂದಿತು. ದಿನಕ್ಕೆ 1 ಕೋಟಿ 20 ಲಕ್ಷದಂತೆ ಹತ್ತು ವರ್ಷ. 3,100 ಮತ್ತು 6,000ದ ನಡುವಿನ ಅಂತರವನ್ನೇ ನೋಡಿ. ಎಷ್ಟು ಹೋಯಿತು ಎಂಬ ಅಂದಾಜಿನಲ್ಲೇ 2,900 ಕೋಟಿ ಡಾಲರಿನ ಅನುಮಾನ.

ಇದು ಇರಾಕಿನಲ್ಲಿ ಹುಟ್ಟಿದ ರೋಗವಲ್ಲ. ಆಸ್ಟಿನ್ನಿನ ಕನ್ನಡಿಗರು ವಾರಾಂತ್ಯಕ್ಕೆ ದೋಣಿ ಹತ್ತಲು ಹೋಗುವ ಲೇಕ್ ಟ್ರಾವಿಸ್ ಇದೆಯಲ್ಲ, ಅದು ಒಂದು ಅಣೆಕಟ್ಟಿನ ಹಿನ್ನೀರು. ಈಗ ಮ್ಯಾನ್ಸ್‌ಫೀಲ್ಡ್ ಎಂದು ಕರೆಯುವ ಆ ಅಣೆಕಟ್ಟನ್ನು 1930ರ ದಶಕದಲ್ಲಿ ಕಟ್ಟತೊಡಗಿದ್ದು ಬ್ರೌನ್ ಅಂಡ್ ರೂಟ್. ಕೆಬಿಆರ್ ಹೆಸರಿನ ಬಿ, ಆರ್ ಅಕ್ಷರಗಳು ಅವರೇ. ಅದುವರೆಗೆ ಅವರು ರಸ್ತೆ ಕಾಂಟ್ರಾಕ್ಟರು; ಅಣೆಕಟ್ಟು ಕಟ್ಟಿದ ಅನುಭವವಿರಲಿಲ್ಲ, ಯೋಜನೆಗೆ ಸಂಸತ್ತಿನ ಪೂರ್ಣ ಮಂಜೂರಾತಿಯೂ ಇರಲಿಲ್ಲ. 1937ರಲ್ಲಿ ಆಸ್ಟಿನ್ ಕ್ಷೇತ್ರದಿಂದ ಗೆದ್ದು ಹೋದ ತರುಣ ಸಂಸದ ಮಂಜೂರಾತಿ ಕೊಡಿಸಿದ. ಅವನು ಲಿಂಡನ್ ಜಾನ್ಸನ್. ಕಂಪನಿ ಅವನ ಚುನಾವಣೆಗಳಿಗೆ ಹಣ ಸುರಿಯಿತು. ಜಾನ್ಸನ್ ಅಧ್ಯಕ್ಷರಾಗಿದ್ದಾಗ ವಿಯೆಟ್ನಾಮಿನಲ್ಲಿ ಬಂದರು, ವಿಮಾನ ನಿಲ್ದಾಣ, ಶಿಬಿರ ಕಟ್ಟಿದ ನಾಲ್ಕು ಕಂಪನಿಗಳ ಕೂಟದಲ್ಲಿ ಬ್ರೌನ್ ಅಂಡ್ ರೂಟ್ ಕೂಡ ಇತ್ತು. ಹತ್ತು ವರ್ಷಕ್ಕೆ ಸುಮಾರು 190 ಕೋಟಿ ಡಾಲರಿನ ಕೆಲಸ. ಈ ಗುತ್ತಿಗೆಯ ಲೆಕ್ಕವನ್ನು ಸರಿಯಾಗಿ ಯಾಕೆ ಪರಿಶೋಧಿಸುತ್ತಿಲ್ಲ ಎಂದು 1966ರಲ್ಲಿ ಸಂಸತ್ತಿನಲ್ಲಿ ಎದ್ದುನಿಂತು ಕೇಳಿದ್ದು ಇಲಿನಾಯ್‌ನ ಒಬ್ಬ ಯುವ ವಿರೋಧಪಕ್ಷದ ಸಂಸದ. ಹೆಸರು ಡೊನಾಲ್ಡ್ ರಮ್ಸ್‌ಫೆಲ್ಡ್. ಮೂವತ್ತೈದು ವರ್ಷದ ನಂತರ ಅದೇ ಕಂಪನಿಯ ಸಂತತಿಗೆ ಮೂರನೆಯ ಮಹಾಗುತ್ತಿಗೆ ಸಿಕ್ಕಾಗ ರಕ್ಷಣಾ ಸಚಿವರಾಗಿದ್ದವರೂ ಅವರೇ.

ನಡುವೆ ಡಿಕ್ ಚೇನಿ ಬರುತ್ತಾರೆ. ಅವರು ರಕ್ಷಣಾ ಸಚಿವರಾಗಿದ್ದಾಗ, 1992ರಲ್ಲಿ, ಸೇನೆಯ ಹಿಂಬದಿಯ ಕೆಲಸಗಳನ್ನು ಖಾಸಗಿಯವರಿಗೆ ಕೊಡಬಹುದೇ ಎಂಬ ಅಧ್ಯಯನಕ್ಕೆ 39 ಲಕ್ಷ ಡಾಲರ್ ಕೊಟ್ಟು ಒಂದು ಕಂಪನಿಯನ್ನು ನೇಮಿಸಲಾಯಿತು. ಬ್ರೌನ್ ಅಂಡ್ ರೂಟ್. ಅದೇ ವರ್ಷ ಆ ಕೆಲಸದ ಮೊದಲ ದೊಡ್ಡ ಗುತ್ತಿಗೆಯೂ ಅದಕ್ಕೇ ಹೋಯಿತು. 1995ರಲ್ಲಿ ಚೇನಿ ಡಲ್ಲಾಸಿನಲ್ಲಿದ್ದ ಅದರ ಮಾತೃಸಂಸ್ಥೆ ಹ್ಯಾಲಿಬರ್ಟನ್ನಿನ ಮುಖ್ಯಸ್ಥರಾದರು, 2001ರಲ್ಲಿ ಉಪಾಧ್ಯಕ್ಷರಾದರು. ಅವರು ಹೇಳಿ ಗುತ್ತಿಗೆ ಕೊಡಿಸಿದರು ಎಂದು ಯಾರೂ ಸಾಬೀತು ಮಾಡಿಲ್ಲ. ಸಾಬೀತು ಮಾಡಬೇಕಾದ ಅಗತ್ಯವೂ ನನಗೆ ಕಾಣುವುದಿಲ್ಲ. ಸೇನೆಯನ್ನು ಕಿರಿದು ಮಾಡುತ್ತೇವೆಂದು ಹೇಳುತ್ತ ಅಡುಗೆಭಟ್ಟರು, ಚಾಲಕರು, ಪ್ಲಂಬರುಗಳನ್ನೆಲ್ಲ ಹೊರಗೆ ಹಾಕಿದ ಮೇಲೆ ಯುದ್ಧಕ್ಕೆ ಹೊರಡುವವರು ಟೆಕ್ಸಸ್‌ಗೆ ಫೋನ್ ಮಾಡಲೇಬೇಕು. 1991ರ ಕೊಲ್ಲಿ ಯುದ್ಧದಲ್ಲಿ 55 ಸೈನಿಕರಿಗೆ ಒಬ್ಬ ಗುತ್ತಿಗೆ ನೌಕರನಿದ್ದ. 2008ರ ಇರಾಕಿನಲ್ಲಿ ಒಬ್ಬ ಸೈನಿಕನಿಗೆ ಒಬ್ಬ. ಹದಿನೇಳು ವರ್ಷದಲ್ಲಿ ಆದ ಬದಲಾವಣೆ ಇದು, ಇದರ ಮೇಲೆ ಯಾವ ಚುನಾವಣೆಯೂ ನಡೆಯಲಿಲ್ಲ.

ಇವರಲ್ಲಿ ಬಂದೂಕು ಹಿಡಿದವರು ಕಡಿಮೆ, ಆದರೆ ದುಬಾರಿ. ರಾಜತಾಂತ್ರಿಕರನ್ನು ಕಾಯಲು ಬ್ಲ್ಯಾಕ್‌ವಾಟರ್ ಎಂಬ ಕಂಪನಿ ಒಬ್ಬ ಕಾವಲಿನವನಿಗೆ ಸರಕಾರದಿಂದ ಪಡೆಯುತ್ತಿದ್ದದ್ದು ದಿನಕ್ಕೆ 1,222 ಡಾಲರ್. ಸೇನೆಯ ಸಾರ್ಜೆಂಟ್ ಒಬ್ಬನಿಗೆ ತಗಲುತ್ತಿದ್ದದ್ದು 140ರಿಂದ 190. ಇದೇ ಕಾವಲು ಗುತ್ತಿಗೆಯಲ್ಲಿ ಡೈನ್‌ಕಾರ್ಪ್ ಕೂಡ ಪಾಲುದಾರನಾಗಿತ್ತು.

ಸಮವಸ್ತ್ರದವರ ಮೇಲೆ ಹಿಡಿತ ಸುಲಭವೇ ಎಂದು ಕೇಳಿದರೆ ಆಸ್ಟಿನ್ನಿನ ಕಡೆ ಒಮ್ಮೆ ನೋಡಬೇಕು. ಊರೊಳಗಿನ ಕ್ಯಾಂಪ್ ಮೇಬ್ರಿ ಟೆಕ್ಸಸ್ ರಾಜ್ಯದ ಸೇನಾ ಇಲಾಖೆಯ ಕೇಂದ್ರ. ಒಕ್ಕೂಟ ಸರಕಾರ ಕರೆಸಿಕೊಳ್ಳದಿದ್ದಾಗ ಈ ಇಲಾಖೆಯ ಪಡೆಗೆ ಗವರ್ನರೇ ದಂಡನಾಯಕ. 2015ರಲ್ಲಿ ಅಮೆರಿಕದ ಸೇನೆಯೇ ಟೆಕ್ಸಸ್‌ನಲ್ಲಿ ನಡೆಸಿದ ತರಬೇತಿಯ ಮೇಲೆ ಕಣ್ಣಿಡಲು ಗವರ್ನರ್ ಗ್ರೆಗ್ ಅಬಾಟ್ ರಾಜ್ಯದ ಸ್ವಯಂಸೇವಕ ಪಡೆಯನ್ನು ಕಳಿಸಿದ್ದರು. ಅದನ್ನು ಕೇಳಿ ನಕ್ಕವರೇ ಹೆಚ್ಚು. 2021ರ ಮಾರ್ಚ್‌ನಲ್ಲಿ ಅವರು ಆರಂಭಿಸಿದ ಗಡಿ ಕಾರ್ಯಾಚರಣೆಯನ್ನು ನೋಡಿ ಯಾರೂ ನಗಲಿಲ್ಲ. ಅದಕ್ಕೆ ಖರ್ಚಾದ 1,100 ಕೋಟಿ ಡಾಲರನ್ನು 2025ರ ಜನವರಿಯಲ್ಲಿ ಅವರು ವಾಷಿಂಗ್ಟನ್ನಿನಿಂದ ವಾಪಸು ಕೇಳಿದರು. ಈ ಗವರ್ನರನ ಮೇಲೆ ಕಣ್ಣಿಡಬೇಕಾದ 181 ಶಾಸಕರ ಸಂಬಳ ತಿಂಗಳಿಗೆ 600 ಡಾಲರ್, ಅವರ ಸಾಮಾನ್ಯ ಅಧಿವೇಶನ ಎರಡು ವರ್ಷಕ್ಕೊಮ್ಮೆ, ಹೆಚ್ಚೆಂದರೆ 140 ದಿನ. ಆದರೂ ಇಲ್ಲಿ ಹಣಕ್ಕೆ ಶಾಸಕರೇ ಮತ ಹಾಕಿದರು, ಮೊತ್ತ ಬಜೆಟ್ಟಿನಲ್ಲಿದೆ, ಬೈಯಬೇಕೆನ್ನುವವನಿಗೆ ಯಾರನ್ನು ಬೈಯಬೇಕೆಂದು ಗೊತ್ತಿದೆ.

ಗುತ್ತಿಗೆಯವರ ಹೆಣದ ಲೆಕ್ಕಕ್ಕೆ ಬಂದಾಗ ಅದೂ ಇಲ್ಲ. ಸೈನಿಕ ಸತ್ತರೆ ಪೆಂಟಗನ್ ಹೆಸರು ಪ್ರಕಟಿಸುತ್ತದೆ. ಗುತ್ತಿಗೆಯವನು ಸತ್ತರೆ ಕಾರ್ಮಿಕ ಇಲಾಖೆಯ ವಿಮಾ ಕಡತದಲ್ಲಿ ಒಂದು ಸಂಖ್ಯೆ, ಅದೂ ಮನೆಯವರು ಅರ್ಜಿ ಹಾಕಿದ್ದರೆ. ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರ ಅಂದಾಜಿನಂತೆ 2001ರ ನಂತರದ ಯುದ್ಧಗಳಲ್ಲಿ ಸತ್ತ ಅಮೆರಿಕದ ಸೈನಿಕರು ಸುಮಾರು 7 ಸಾವಿರ. ಗುತ್ತಿಗೆ ನೌಕರರು ಸುಮಾರು 8 ಸಾವಿರ. 2008ರ ಆರಂಭದಲ್ಲಿ ಇರಾಕ್ ಮತ್ತು ಸುತ್ತಮುತ್ತ ಇದ್ದ 1 ಲಕ್ಷ 90 ಸಾವಿರ ಗುತ್ತಿಗೆ ನೌಕರರಲ್ಲಿ ಅಮೆರಿಕನ್ನರು ಐವರಲ್ಲಿ ಒಬ್ಬರು. 80 ಸಾವಿರದಷ್ಟು ಜನ ಅಮೆರಿಕದವರೂ ಅಲ್ಲ, ಸ್ಥಳೀಯರೂ ಅಲ್ಲ: ನೇಪಾಳ, ಫಿಲಿಪೈನ್ಸ್, ಭಾರತ. 2021ರ ಆಗಸ್ಟ್‌ನಲ್ಲಿ ಕಾಬೂಲ್ ಬಿದ್ದಾಗ ಅಲ್ಲಿನ ಸೇನಾ ನೆಲೆಗಳಲ್ಲಿ ದುಡಿಯುತ್ತಿದ್ದ ಮಂಗಳೂರು, ಉಳ್ಳಾಲದ ಕಡೆಯವರು ಮನೆಗೆ ಮರಳಿದ ಸುದ್ದಿ ಓದಿದವರಿಗೆ ಈ ಸೈನ್ಯದಲ್ಲಿ ನಮ್ಮವರೂ ಇದ್ದರೆಂಬುದು ಆಗ ತಿಳಿಯಿತು.

2004ರ ಆಗಸ್ಟ್‌ನಲ್ಲಿ ಇರಾಕಿನ ನೆಲೆಯೊಂದಕ್ಕೆ ಹೋಗುವ ದಾರಿಯಲ್ಲಿ ಉಗ್ರರು 12 ನೇಪಾಳಿಗಳನ್ನು ಹಿಡಿದು ಕೊಂದರು. ಜೋರ್ಡಾನಿನ ಉಪಗುತ್ತಿಗೆದಾರನೊಬ್ಬ ಕೆಬಿಆರ್ ಕೆಲಸಕ್ಕೆ ಸಾಗಿಸುತ್ತಿದ್ದ ಹುಡುಗರು ಅವರು. ಹೋಟೆಲ್ ಕೆಲಸವೆಂದು ನಂಬಿಸಿ ಕರೆತಂದಿದ್ದರೆಂಬುದು ಮನೆಯವರ ದೂರು. ಅವರು 2008ರಲ್ಲಿ ಹೂಡಿದ ದಾವೆ ಹ್ಯೂಸ್ಟನ್ನಿನ ಫೆಡರಲ್ ನ್ಯಾಯಾಲಯಕ್ಕೆ ಬಂತು. ವರ್ಷಗಟ್ಟಲೆ ನಡೆದು, 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಕೆಬಿಆರ್ ಹೊಣೆಯಲ್ಲ ಎಂದಿತು. ಕಾರಣ, ಘಟನೆ ನಡೆದದ್ದು ಅಮೆರಿಕದ ಹೊರಗೆ. ಅದೇ 2004ರ ಏಪ್ರಿಲ್ 9ರಂದು ಬಾಗ್ದಾದ್ ಬಳಿ ಗುಂಡಿನ ಮಳೆಗೆ ಸಿಕ್ಕ ಇಂಧನ ಟ್ಯಾಂಕರುಗಳ ಚಾಲಕರ ಮನೆಯವರೂ ಹ್ಯೂಸ್ಟನ್ನಿನಲ್ಲೇ ದಾವೆ ಹೂಡಿದ್ದರು. ಅವರು ಅಮೆರಿಕನ್ನರೇ. ಅಲ್ಲಿ ಕಂಪನಿಯ ವಾದ ಬೇರೆ: ಲಾರಿ ಕಳಿಸುವುದು ಸೇನೆಯ ತೀರ್ಮಾನ, ಸೇನೆಯ ತೀರ್ಮಾನವನ್ನು ನ್ಯಾಯಾಲಯ ವಿಚಾರಿಸುವಂತಿಲ್ಲ. 2006ರಲ್ಲಿ ನ್ಯಾಯಾಧೀಶರು ಒಪ್ಪಿದರು, 2008ರಲ್ಲಿ ಮೇಲಿನವರು ಒಪ್ಪಲಿಲ್ಲ, 2012ರಲ್ಲಿ ವಿಮೆಯ ಹಣ ಬಿಟ್ಟು ಬೇರೇನೂ ಕೇಳುವಂತಿಲ್ಲ ಎಂದಾಯಿತು. ಹಾಜರಿ ಪುಸ್ತಕದಲ್ಲಿ ಖಾಸಗಿಯಾದವರು ಕಟಕಟೆಯಲ್ಲಿ ಸೇನೆಯ ಅಂಗವಾಗುವುದನ್ನು ಹ್ಯೂಸ್ಟನ್ನಿನ ವಕೀಲರು ವರ್ಷಗಟ್ಟಲೆ ನೋಡಿದರು.

ಮಹಾಗುತ್ತಿಗೆಯ ಐದನೆಯ ಸುತ್ತು 2019ರ ಏಪ್ರಿಲ್‌ನಲ್ಲಿ ಹಂಚಿಕೆಯಾಯಿತು. ಹತ್ತು ವರ್ಷಕ್ಕೆ ಮಿತಿ 8,200 ಕೋಟಿ ಡಾಲರ್. ಗೆದ್ದ ನಾಲ್ಕು ಕಂಪನಿಗಳಲ್ಲಿ ಒಂದು ಹ್ಯೂಸ್ಟನ್ನಿನ ಕೆಬಿಆರ್, ಇನ್ನೊಂದು ಅರ್ವಿಂಗ್‌ನ ಫ್ಲೂರ್.