ಕೊಕ್ಕೊ ಕಾಯಿಯ ಬೆನ್ನು ಹಿಡಿದು ಪುತ್ತೂರಿಗೆ

ಕೊಕ್ಕೊ ಮರದಲ್ಲಿ ಕಾಯಿ ಬಿಡುವುದು ಟೊಂಗೆಯ ತುದಿಗಲ್ಲ, ಹಲಸಿನ ಹಾಗೆ ಬೊಡ್ಡೆಗೆ. ಸಿದ್ದಾಪುರದ ಕಡೆ ನಮ್ಮ ಅಜ್ಜಿಮನೆಯ ಅಡಿಕೆ ತೋಟದಲ್ಲಿ ಇಂಥ ಹತ್ತಿಪ್ಪತ್ತು ಮರಗಳಿದ್ದವು. ಹಳದಿ ತಿರುಗಿದ ಕಾಯನ್ನು ಅಜ್ಜಿ ಕಲ್ಲಿಗೆ ಕುಟ್ಟಿ ಒಡೆಯುತ್ತಿದ್ದರು. ಒಳಗೆ ಬಿಳಿ ತಿರುಳು ಹೊದ್ದ ಮೂವತ್ತು ನಲವತ್ತು ಬೀಜ. ಚೀಪಿದರೆ ಹುಳಿ ಬೆರೆತ ಸಿಹಿ. ‘ಬೀಜ ಕಚ್ಚುಕಾಗ ಮಗಾ, ಚೀಪಿ ಉಗಿ’ ಎಂದು ಅವರು ಹೇಳುವಷ್ಟರಲ್ಲಿ ನಾನು ಕಚ್ಚಿಯಾಗಿರುತ್ತಿತ್ತು. ನೇರಳೆ ಬಣ್ಣದ ಆ ಬೀಜದ ಕಹಿ ನಾಲಗೆಯಿಂದ ಬೇಗ ಹೋಗುವಂಥದ್ದಲ್ಲ. ಚಾಕಲೇಟ್ ಮಾಡುವುದು ಇದರಿಂದಲೇ ಎಂದರೆ ನಾನು ನಂಬುತ್ತಿರಲಿಲ್ಲ.

ಆ ಬೀಜ ಚಾಕಲೇಟ್ ಆಗುವ ಊರು ನಮಗೆ ದೂರವೇನಲ್ಲ. ಕುಂದಾಪುರದಿಂದ ಮಂಗಳೂರು, ಬಿ.ಸಿ. ರೋಡ್, ಮಾಣಿ ದಾಟಿ ಸುಮಾರು 140 ಕಿ.ಮೀ. ಹೋದರೆ ಪುತ್ತೂರು. ಮಹಾಲಿಂಗೇಶ್ವರನ ಈ ಹಳೆಯ ಊರಿನ ಕೆಮ್ಮಿಂಜೆಯಲ್ಲಿದೆ ಕ್ಯಾಂಪ್ಕೋ ಚಾಕಲೇಟ್ ಕಾರ್ಖಾನೆ.

ಈ ಕಾರ್ಖಾನೆ ಹುಟ್ಟಿದ್ದು ರೈತರ ಸಂಕಟದಿಂದ. ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ–ಕೇರಳದ ಬೆಳೆಗಾರರ ಸಹಕಾರಿ ಸಂಸ್ಥೆಯಾಗಿ ಕ್ಯಾಂಪ್ಕೋ ಶುರುವಾಯಿತು. ಅಡಿಕೆ ಮರಗಳ ನಡುವೆ ಕೊಕ್ಕೊ ನೆಡಿ ಎಂಬ ಪ್ರಚಾರ ಜೋರಾಗಿದ್ದದ್ದೂ ಅದೇ ದಶಕದಲ್ಲಿ. ಜನ ನೆಟ್ಟರು. ಫಸಲು ಕೈಗೆ ಬರುವ ಹೊತ್ತಿಗೆ, 1980ರ ಸುಮಾರಿಗೆ, ಪೇಟೆ ಬಿದ್ದುಹೋಗಿ ಕೊಳ್ಳುವವರು ಹಿಂದೆ ಸರಿದರು. ಕೊಕ್ಕೊ ಅಡಿಕೆಯಂತೆ ಅಟ್ಟದಲ್ಲಿಟ್ಟು ಧಾರಣೆಗೆ ಕಾಯುವ ಬೆಳೆಯಲ್ಲ. ಒಡೆದ ಕಾಯಿಯ ಹಸಿ ಬೀಜ ಮರುದಿನಕ್ಕೇ ಹುಳಿಯತೊಡಗುತ್ತದೆ. ಆಗ ಕ್ಯಾಂಪ್ಕೋ ಖರೀದಿಗೆ ಇಳಿಯಿತು. ಕೊಂಡ ಬೀಜವನ್ನು ಪರದೇಶಕ್ಕೆ ಕಳಿಸಿ ಅಲ್ಲಿಯ ಧಾರಣೆಗೆ ಕಾಯುವ ಬದಲು ನಾವೇ ಚಾಕಲೇಟ್ ಮಾಡೋಣ ಎಂದು ಹೊರಟಿತು. 1986ರಲ್ಲಿ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಕಾರ್ಖಾನೆಯನ್ನು ಉದ್ಘಾಟಿಸಿದರು. ಅಡಿಕೆ ಬೆಳೆಗಾರರು ಸೇರಿ ಚಾಕಲೇಟ್ ಕಾರ್ಖಾನೆ ಕಟ್ಟಿದ್ದು ನಮ್ಮ ಕರಾವಳಿಯ ದೊಡ್ಡ ಸಾಹಸಗಳಲ್ಲೊಂದು ಎಂದೇ ನಾನು ತಿಳಿದಿದ್ದೇನೆ.

ಚಾಕಲೇಟಿನ ರುಚಿ ಹುಟ್ಟುವುದು ಮಾತ್ರ ಯಂತ್ರದಲ್ಲಲ್ಲ, ಅದಕ್ಕೂ ಮೊದಲೇ. ತಿರುಳಿನ ಸಮೇತ ಬೀಜವನ್ನು ರಾಶಿ ಹಾಕಿ ಮುಚ್ಚಿಟ್ಟರೆ ಎರಡನೆಯ ದಿನಕ್ಕೆ ಬಿಸಿಯೇರುತ್ತದೆ, ತಿರುಳು ಕರಗಿ ನೀರಾಗಿ ಇಳಿಯುತ್ತದೆ. ಮೂರನೆಯ ದಿನ ಮುಚ್ಚಿದ್ದನ್ನು ತೆಗೆದರೆ ಹಬೆಯ ಜೊತೆ ಮೂಗಿಗೆ ಅಡರುವ ಹುಳಿ ವಾಸನೆ. ಐದಾರು ದಿನಕ್ಕೆ ಬೀಜದೊಳಗಿನ ನೇರಳೆ ಬಣ್ಣ ಕಂದಾಗುತ್ತದೆ, ಕಹಿ ತಗ್ಗುತ್ತದೆ. ಇದು ಕೆಟ್ಟರೆ ಮುಂದೆ ಎಷ್ಟು ಸಕ್ಕರೆ ಸುರಿದರೂ ಚಾಕಲೇಟಿನ ಪರಿಮಳ ಬಾರದು. ಆಮೇಲೆ ಬಿಸಿಲು. ಮೂರು ಕಿಲೋ ಹಸಿ ಬೀಜ ಒಣಗಿದರೆ ಹೆಚ್ಚುಕಡಿಮೆ ಒಂದು ಕಿಲೋ.

ಒಣಬೀಜವನ್ನು ಹುರಿದು, ಸಿಪ್ಪೆ ಹಾರಿಸಿ, ಅರೆದರೆ ಅದರಲ್ಲಿರುವ ಕೊಬ್ಬೇ ಬಿಟ್ಟುಕೊಂಡು ಕಪ್ಪು ಪಾಕವಾಗುತ್ತದೆ. ನೀರು ಸೋಕಿಸುವ ಹಾಗಿಲ್ಲ. ಸಕ್ಕರೆ, ಹಾಲಿನ ಪುಡಿ ಸೇರಿಸಿ, ನಾಲಗೆಗೆ ಒಂದು ತರಿಯೂ ಸಿಗದಷ್ಟು ನುಣ್ಣಗೆ ಮತ್ತೆ ಅರೆದು, ಗಂಟೆಗಟ್ಟಲೆ ತಿರುವುತ್ತಾರೆ. ಉಳಿದ ಹುಳಿ ಹಾರಿಹೋಗುವುದು ಆಗಲೇ. ಕೊನೆಗೆ ಹದವರಿತು ತಣಿಸಿ ಅಚ್ಚಿಗೆ ಹೊಯ್ಯುತ್ತಾರೆ. ಕೊಕ್ಕೊ ಕೊಬ್ಬು ಕರಗುವುದು ಸುಮಾರು 34 ಡಿಗ್ರಿಗೆ, ಮೈಯ ಬಿಸಿಗಿಂತ ತುಸು ಕಡಿಮೆ. ಬಾಯಿಗಿಟ್ಟ ಕೂಡಲೇ ಚಾಕಲೇಟ್ ಕರಗುವುದೂ, ಮೇ ತಿಂಗಳಲ್ಲಿ ನಮ್ಮೂರ ಅಂಗಡಿಗಳಲ್ಲಿ ಅದು ಫ್ರಿಜ್ ಸೇರುವುದೂ ಇದೇ ಕಾರಣಕ್ಕೆ.

ಒಳಗೆ ನೋಡುವ ಆಸೆಯಿದ್ದವರು ಮೊದಲೇ ಅನುಮತಿ ಕೇಳಿಕೊಂಡು ಹೊರಡುವುದು ಒಳ್ಳೆಯದು. ತಿನ್ನುವ ಪದಾರ್ಥ ತಯಾರಾಗುವ ಜಾಗವಲ್ಲವೇ. ಪುತ್ತೂರಿನವರೆಗೆ ಹೋದ ಮೇಲೆ ಬಾಲವನವನ್ನು ನೋಡದೆ ಬರಬೇಡಿ. ನಮ್ಮ ಬ್ರಹ್ಮಾವರ ತಾಲ್ಲೂಕಿನ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ್ದು, ಮಕ್ಕಳನ್ನು ಸೇರಿಸಿಕೊಂಡು ಕುಣಿಸಿ ಕಲಿಸಿದ್ದು ಆ ಗುಡ್ಡದ ಮೇಲೆ. ಮಕ್ಕಳ ಜೊತೆ ಹೋಗುವವರಿಗೆ ಚಾಕಲೇಟು, ಬಾಲವನ ಎರಡೂ ಒಂದೇ ದಿನದಲ್ಲಿ ಆಗುತ್ತವೆ.

2024ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಬೆಳೆ ಕೈಕೊಟ್ಟು ಕೊಕ್ಕೊ ಧಾರಣೆ ಟನ್ನಿಗೆ 10,000 ಡಾಲರ್ ದಾಟಿದಾಗ, ಹಿಂದೆ ಪೇಟೆ ಬಿದ್ದಾಗ ಕಡಿದುಹಾಕಿದ ಮರಗಳನ್ನು ನೆನೆದು ಮರುಗಿದವರು ನಮ್ಮಲ್ಲೂ ಇದ್ದರು. ಅಜ್ಜಿ ತನ್ನ ಮರಗಳನ್ನು ಕಡಿಸಿರಲಿಲ್ಲ. ಅಳಿಲು, ಮಂಗ ತಿಂದು ಬಿಟ್ಟದ್ದನ್ನೂ ಹೆಕ್ಕಿ ತರುತ್ತಿದ್ದರು.

ಪುತ್ತೂರಿನಿಂದ ಬಂದವಳು ಕ್ಯಾಂಪ್ಕೋ ಬಾರ್ ಒಂದನ್ನು ಅವರ ಕೈಗಿಟ್ಟೆ. ಕಾಗದ ಬಿಡಿಸಿದವರು ತಿನ್ನುವ ಮೊದಲು ಮೂಗಿನ ಹತ್ತಿರ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಅಂಗಳದಲ್ಲ್ ಬೀಜ ಒಣ್ಗುವಾಗ ಬಪ್ಪು ವಾಸ್ನಿ ಅಲ್ದಾ ಇದ್?’ ಎಂದರು.