ಹಳೆ ಕಾರಿನ ಜಾತಕ

ಬ್ರಿಟನ್ನಿಗೆ ಓದಲು ಹೋದ ಮಗ ಫೋನ್ ಮಾಡಿ, 'ಅಪ್ಪಾ, ಒಂದು ಹಳೆ ಕಾರು ಸಿಕ್ಕಿದೆ. ಎಂಒಟಿ ಪಾಸಾಗಿದೆಯಂತೆ, ದುಡ್ಡು ಕಳಿಸಿ' ಎಂದರೆ ತಂದೆ ಏನು ಕೇಳಬೇಕು? 'ಹಿಂದಿನ ಎಂಒಟಿಗಳಲ್ಲಿ ಏನೇನಿತ್ತಪ್ಪ?' ಎಂದು ಕೇಳಬೇಕು.

ಎಂಒಟಿ ಎಂದರೆ ಅಲ್ಲಿನ ಕಡ್ಡಾಯ ವಾಹನ ತಪಾಸಣೆ. 1960ರಲ್ಲಿ ಶುರುವಾದಾಗ ಹತ್ತು ವರ್ಷ ಕಳೆದ ವಾಹನಗಳಿಗಷ್ಟೇ ಇತ್ತು. ಈಗ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಕಾರಿಗೆ ಮೂರು ವರ್ಷ ತುಂಬಿತೆಂದರೆ ವರ್ಷಕ್ಕೊಮ್ಮೆ ಪರೀಕ್ಷೆ. 2005ರಿಂದೀಚಿನ ಫಲಿತಾಂಶಗಳನ್ನು ಸರ್ಕಾರದ ಜಾಲತಾಣದಲ್ಲಿ ಕಾರಿನ ನಂಬರ್ ಕೊಟ್ಟು ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು.

ಬರೀ 'ಪಾಸ್' ಎಂಬುದಕ್ಕೆ ಮರುಳಾಗುವಂತಿಲ್ಲ. ಆ ದಿನದ ಮಟ್ಟಿಗೆ ಕಾರು ರಸ್ತೆಗಿಳಿಯಲು ಯೋಗ್ಯವಾಗಿತ್ತು ಎಂದಷ್ಟೇ ಅದರ ಅರ್ಥ. ಎಂಜಿನ್, ಕ್ಲಚ್, ಗೇರ್‌ಬಾಕ್ಸ್‌ಗಳ ಸ್ಥಿತಿಗತಿ ಈ ಪರೀಕ್ಷೆಗೆ ಒಳಪಡುವುದೇ ಇಲ್ಲ! ನಿಜವಾದ ಜಾತಕ ಇರುವುದು 'ಅಡ್ವೈಸರಿ' ಎಂಬ ಸಾಲುಗಳಲ್ಲಿ. ಪಾಸು ಮಾಡಿದರೂ ಪರೀಕ್ಷಕರು ಬರೆದಿಡುವ ಎಚ್ಚರಿಕೆ ಇದು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುವ ದೇಶ ಅದು. ಕಾರಿನ ತಳಕ್ಕೆ ತುಕ್ಕು ಬಲುಬೇಗ ಹಿಡಿಯುತ್ತದೆ. ಎರಡು ಮೂರು ವರ್ಷ ಸತತವಾಗಿ ತುಕ್ಕಿನ ಮಾತು ಬಂದಿದ್ದರೆ ಮುಂದಿನ ಬೆಸುಗೆಯ ಖರ್ಚು ಕೊಂಡವನ ತಲೆಗೇ.

ಪ್ರತಿ ಪರೀಕ್ಷೆಯಲ್ಲೂ ಮೀಟರಿನ ಅಂಕಿ ದಾಖಲಾಗುತ್ತದೆ. ಒಂದು ವರ್ಷ 62,000 ಮೈಲಿ ಇದ್ದದ್ದು ಮರುವರ್ಷ 48,000 ಆಗಿದ್ದರೆ, ಒಂದೋ ಬರೆಯುವಾಗ ತಪ್ಪಾಗಿದೆ, ಇಲ್ಲವೇ ಮೀಟರ್ ಹಿಂದಕ್ಕೆ ತಿರುಗಿದೆ. ನಡುವೆ ಒಂದು ವರ್ಷದ ದಾಖಲೆಯೇ ಇಲ್ಲದಿದ್ದರೆ ಆಗ ಕಾರು ಎಲ್ಲಿತ್ತೆಂದು ಮಾರುವವನನ್ನೇ ಕೇಳಬೇಕು. ಅವನು ತಡವರಿಸಿದರೆ ಅಪ್ಪನ ದುಡ್ಡು ಇನ್ನೊಂದು ವಾರ ಬ್ಯಾಂಕಿನಲ್ಲೇ ಇರಲಿ.